ಸೀರೆ ಅಂಗಡಿಯ ಸ್ಟಾಕ್ ಲೆಕ್ಕ: ಸಾಫ್ಟ್‌ವೇರ್ ಮಾತೋ, ಅಪ್ಪನ ಮಾತೋ?

ಬಾಗಲಕೋಟೆಯಲ್ಲಿ ಅಪ್ಪನ ಸೀರೆ ಅಂಗಡಿ ನೋಡಿಕೊಳ್ಳುತ್ತಿದ್ದೀರಿ. ಮುಂದಿನ ತಿಂಗಳು ಎಷ್ಟು ಮಾಲು ತರಿಸಬೇಕು ಅಂತ ಬಿಲ್ಲಿಂಗ್ ಸಾಫ್ಟ್‌ವೇರೇ ಹೇಳುತ್ತದೆ, ಅಪ್ಪ ನಂಬುವುದಿಲ್ಲ, ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ. ನಮ್ಮದೂ ಇದೇ ಜಿಲ್ಲೆ, ಇದೇ ವ್ಯಾಪಾರ.

ಫಾಲ್, ಲೈನಿಂಗ್, ಬ್ಲೌಸ್ ಪೀಸ್, ಸೂರತ್ ಸೀರೆ ಇವನ್ನೆಲ್ಲ ಸಾಫ್ಟ್‌ವೇರ್‌ಗೇ ಬಿಡಿ. ಕಡಿಮೆ ಬಿದ್ದರೆ ಒಂದು ಫೋನ್ ಮಾಡಿದರೆ ಬರುತ್ತವೆ. ಅದರ ಎಣಿಕೆ ನಮ್ಮದಕ್ಕಿಂತ ಚೊಕ್ಕ.

ಇಳಕಲ್ ಕೈಮಗ್ಗದ ಸೀರೆ ಹಾಗಲ್ಲ. ಒಡಲಿನ ಹಾಸು (ಮಗ್ಗದ ಉದ್ದಕ್ಕೆ ಕಟ್ಟುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಮಗ್ಗಕ್ಕೆ ಹಾಸು ಏರಿದ ಮೇಲೆ ಬಣ್ಣ ಬದಲಿಸಿ ಅಂತ ನೇಕಾರರಿಗೆ ಹೇಳುವುದು ನ್ಯಾಯವೂ ಅಲ್ಲ. ದುಡ್ಡು ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ಇಲ್ಲಿ ಅಪ್ಪನನ್ನು ಕೇಳಲೇಬೇಕು.

ಯಾಕೆ ಅಂದರೆ, ಸಾಫ್ಟ್‌ವೇರ್ ನೋಡುವುದು ಇಂಗ್ಲಿಷ್ ಕ್ಯಾಲೆಂಡರ್. ನಮ್ಮ ಗಿರಾಕಿ ನೋಡುವುದು ಪಂಚಾಂಗ. ನಮ್ಮ ಕಡೆ ನಾಗರ ಪಂಚಮಿ ಎಷ್ಟು ದೊಡ್ಡ ಹಬ್ಬ ಅಂತ ನಿಮಗೇ ಗೊತ್ತು. 2022ರಲ್ಲಿ ಅದು ಆಗಸ್ಟ್ 2ಕ್ಕೆ ಬಂತು. 2023ರಲ್ಲಿ ಅಧಿಕ ಶ್ರಾವಣ ಬಂದು ಆಗಸ್ಟ್ 21ಕ್ಕೆ ಹೋಯಿತು. ಹಿಂದಿನ ವರ್ಷದ ಜುಲೈ ನೋಡಿ ಈ ವರ್ಷದ ಜುಲೈ ಲೆಕ್ಕ ಹಾಕಿದರೆ ಹೇಗೆ ಸರಿಹೋಗುತ್ತದೆ? 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆಗ ಮದುವೆ ಇಲ್ಲ. ಹಾಗಂತ ವ್ಯಾಪಾರವೇ ಇಲ್ಲ ಅಂತಲೂ ಅಲ್ಲ. ಎಷ್ಟೋ ಮನೆಗಳಲ್ಲಿ ಅಧಿಕ ಮಾಸಕ್ಕೆ ಮಗಳು-ಅಳಿಯನನ್ನು ಕರೆದು ಬಟ್ಟೆ ಮಾಡುತ್ತಾರೆ. ಮದುವೆ ಜವಳಿ ನಿಲ್ಲುತ್ತದೆ, ಒಂದೊಂದೇ ಒಳ್ಳೆ ಸೀರೆ ಹೋಗುತ್ತದೆ. ಇದನ್ನು ಹೇಳಲು ಮನುಷ್ಯರೇ ಬೇಕು.

ಇನ್ನೊಂದು ಮಾತು, ಇದು ಜಾಸ್ತಿ ಮುಖ್ಯ. ಬಿಲ್ಲಿನಲ್ಲಿ ಮಾರಿದ್ದು ಮಾತ್ರ ಇರುತ್ತದೆ. ಚಿಕ್ಕಿಪರಾಸ ಅಂಚಿನ ಹಸಿರು ಸೀರೆ ಕೇಳಿ, ಇಲ್ಲ ಅಂದ ಮೇಲೆ ಎದ್ದು ಹೋದ ಅಕ್ಕ ಅದರಲ್ಲಿ ಇಲ್ಲ. ಸ್ಟಾಕ್ ಇಲ್ಲದ್ದಕ್ಕೆ ಮಾರಾಟ ಸೊನ್ನೆ, ಮಾರಾಟ ಸೊನ್ನೆ ಆದ್ದರಿಂದ ಸಾಫ್ಟ್‌ವೇರ್ ಮತ್ತೆ ಬೇಡ ಅನ್ನುತ್ತದೆ. ನಮ್ಮ ಅಂಗಡಿಯಲ್ಲಿ ಗಾದಿ ಪಕ್ಕ ಒಂದು ವಹಿ ಇಟ್ಟಿದ್ದೇವೆ. ಗಿರಾಕಿ ಕೇಳಿದ್ದು, ನಮ್ಮಲ್ಲಿ ಇಲ್ಲದ್ದು ಅಷ್ಟೇ ಅದರಲ್ಲಿ ಬರೆಯುತ್ತೇವೆ: ಬಣ್ಣ, ಅಂಚು, ಎಷ್ಟು ಗಜ. ಆರ್ಡರ್ ಹಾಕುವಾಗ ಮೊದಲು ತೆರೆಯುವುದು ಅದನ್ನೇ. ಒಂಬತ್ತು ಗಜದ ಸೀರೆ ನಿಧಾನಕ್ಕೆ ಹೋಗುವ ಮಾಲು ಅಂತ ಸಾಫ್ಟ್‌ವೇರ್ ಕೆಂಪು ಗುರುತು ಹಾಕುತ್ತದೆ. ಆದರೆ ಅಜ್ಜಿಗೆ ಆ ಸೀರೆ ಸಿಗುವ ಅಂಗಡಿಗೇ ಇಡೀ ಮನೆ ಮದುವೆ ಜವಳಿಗೆ ಬರುತ್ತದೆ.

ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ದುಡ್ಡು ತಡವಾದರೆ ಮುಧೋಳ, ಜಮಖಂಡಿ ಕಡೆಯವರ ಉದ್ರಿ ಬೆಳೆಯುತ್ತದೆ, ಅದನ್ನೂ ನೋಡಿಕೊಳ್ಳಿ. ಹಾಗೆಯೇ 2020ರ ಲಾಕ್‌ಡೌನ್ ತಿಂಗಳುಗಳನ್ನು ಲೆಕ್ಕದಿಂದ ತೆಗೆಸಿಬಿಡಿ.

ಅಪ್ಪನ ಮಾತೆಲ್ಲ ಸರಿ ಅಂತಲ್ಲ. ನಮಗೆ ಇಷ್ಟವಾದ ಬಣ್ಣ ಊರಿಗೆಲ್ಲ ಇಷ್ಟ ಅಂದುಕೊಳ್ಳುವುದು ವ್ಯಾಪಾರಿಗಳ ಹಳೇ ರೋಗ. ಅದಕ್ಕೇ ಸುಮ್ನೆ ಅಂಕಿ ಬದಲಿಸಬೇಡಿ. ಒಂದು ಹಾಳೆಯಲ್ಲಿ ಸಾಫ್ಟ್‌ವೇರ್ ಹೇಳಿದ್ದು, ಅಪ್ಪ ಹೇಳಿದ್ದು, ಯಾಕೆ ಅನ್ನುವುದು ಮೂರನ್ನೂ ಬರೆಯಿರಿ. ಕಾರಣ ಹೇಳಲು ಬರದಿದ್ದರೆ ಸಾಫ್ಟ್‌ವೇರ್ ಅಂಕಿಯೇ ಇರಲಿ. ದೀಪಾವಳಿ ಮುಗಿದ ಮೇಲೆ ಇಬ್ಬರೂ ಕೂತು ನೋಡಿ, ಯಾವ ಮಾಲಿನಲ್ಲಿ ಯಾರ ಅಂಕಿ ಹತ್ತಿರ ಬಂತು ಅಂತ. ಮುಂದಿನ ವರ್ಷ ಆ ಮಾಲು ಅವರಿಗೇ ಬಿಡಿ.