ಮಾಕ್ ಕೋಡ್ ಬ್ಲೂ ಪರೀಕ್ಷೆ ಆದ ಮೇಲೆ ಸಿಸ್ಟರ್‌ಗಳಿಗೆ ತಪ್ಪು ಹೇಗೆ ಹೇಳುವುದು?

ಗೊಂಬೆಯ ಮೇಲೆ ಕೋಡ್ ಬ್ಲೂ (ಪೇಷೆಂಟ್ ಹೃದಯ ನಿಂತಾಗ ಮಾಡುವ ತುರ್ತು ಚಿಕಿತ್ಸೆ) ಪರೀಕ್ಷೆ ಮಾಡಿದ ಮೇಲೆ ತಪ್ಪು ಹೇಳಿದರೆ ಹೊಸ ಸಿಸ್ಟರ್‌ಗಳು ಅತ್ತುಬಿಡುತ್ತಾರೆ, ಹೇಳದಿದ್ದರೆ ಮುಂದಿನ ಸಲವೂ ಅದೇ ತಪ್ಪು ಮಾಡುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಬಹಳ ವರ್ಷ ಐಸಿಯುನಲ್ಲಿ ಕೆಲಸ ಮಾಡಿ, ಈಗ ನರ್ಸ್‌ಗಳಿಗೆ ಇದೇ ತರಬೇತಿ ಕೊಡುತ್ತಿದ್ದೇನೆ. ನಾನು ಕಲಿತದ್ದು ಇಷ್ಟು: ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಿ, ಆಮೇಲೆ ಯಾಕೆ ಹಾಗಾಯಿತು ಅಂತ ಅವರನ್ನೇ ಕೇಳಿ.

ಒಂದು ಸಲ ಪರೀಕ್ಷೆಯಲ್ಲಿ ಹೃದಯಕ್ಕೆ ಕರೆಂಟ್ ಶಾಕ್ ಕೊಟ್ಟ ಮೇಲೆ ಒಬ್ಬ ಸಿಸ್ಟರ್ ಸುಮ್ನೆ ನಿಂತುಬಿಟ್ಟರು. ಶಾಕ್ ಕೊಟ್ಟ ತಕ್ಷಣ ಕಂಪ್ರೆಷನ್, ಅಂದರೆ ಎದೆ ಒತ್ತುವುದು, ಶುರುವಾಗಬೇಕು, ಎರಡು ನಿಮಿಷ ಆದ ಮೇಲೆಯೇ ಮಾನಿಟರ್ ನೋಡಬೇಕು. ಇವರು 25 ಸೆಕೆಂಡ್ ಕೈ ಹಚ್ಚಲಿಲ್ಲ. ಓದಿಕೊಂಡು ಬಂದಿಲ್ಲ ಅಂತಲೇ ನನಗೆ ಅನ್ನಿಸಿತ್ತು. ಆದರೂ, "ಶಾಕ್ ಆದ ಮೇಲೆ 25 ಸೆಕೆಂಡ್ ಕಂಪ್ರೆಷನ್ ನಿಂತಿತ್ತು. ಆಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಸಿಸ್ಟರ್?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ಡಾಕ್ಟರ್ ಮಾನಿಟರ್ ನೋಡ್ತಾ ಇದ್ರು ಮೇಡಂ. ಅವರು ಹೇಳೋ ಮುಂಚೆ ಮುಟ್ಟಿದ್ರೆ ಬೈತಾರೇನೋ ಅಂದ್ಕೊಂಡೆ."

ನೋಡಿ, ಅವರಿಗೆ ಪಾಠ ಗೊತ್ತಿತ್ತು. ತಡೆದದ್ದು ಭಯ. ನಾನು ಬೈದಿದ್ದರೆ ಆ ಭಯ ಇನ್ನೂ ಜಾಸ್ತಿ ಆಗುತ್ತಿತ್ತು, ಅಲ್ವಾ? ಅವತ್ತು ತಿದ್ದಬೇಕಾಗಿದ್ದದ್ದು ಇಡೀ ತಂಡವನ್ನು. ಶಾಕ್ ಆದ ಕೂಡಲೇ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ ಅಂತ ಡಾಕ್ಟರ್ ಬಾಯಿಂದಲೇ ಹೇಳಿಸಿದೆವು. ಅಲ್ಲೇ, ಆಗಲೇ, ಮತ್ತೊಮ್ಮೆ ಮಾಡಿಸಿದೆವು. ಈ ಮತ್ತೊಮ್ಮೆ ಮಾಡಿಸುವುದನ್ನು ದಯವಿಟ್ಟು ಬಿಡಬೇಡಿ. ಸರಿಯಾಗಿ ಮಾಡಿದ ನೆನಪು ಕೈಯಲ್ಲಿ ಉಳಿದು ಮನೆಗೆ ಹೋಗಬೇಕು.

ಮಾತಿಗೆ ಮುಂಚೆ ಪಾಸೋ ಫೇಲೋ ಹೇಳಿಬಿಡಿ. ಇಲ್ಲದಿದ್ದರೆ ಅವರ ಕಿವಿ ಅದನ್ನೇ ಕಾಯುತ್ತಿರುತ್ತದೆ, ನಿಮ್ಮ ಮಾತು ಒಳಗೆ ಇಳಿಯುವುದಿಲ್ಲ. "ಕಂಪ್ರೆಷನ್ ಸರಿಯಿಲ್ಲ" ಅಂದರೆ ಅವರಿಗೆ ಏನೂ ಸಿಗುವುದಿಲ್ಲ. "ನಿಮಿಷಕ್ಕೆ 140 ಆಯ್ತು, 100ರಿಂದ 120 ಇರಬೇಕು. ಅಷ್ಟು ಬೇಗ ಒತ್ತಿದರೆ ಎದೆ ಪೂರ್ತಿ ಮೇಲೇಳಲ್ಲ, ಹೃದಯಕ್ಕೆ ರಕ್ತ ತುಂಬಲ್ಲ" ಅಂದರೆ ತಿದ್ದಿಕೊಳ್ಳಲು ದಾರಿ ಸಿಗುತ್ತದೆ. ಹೊಗಳುವಾಗಲೂ ಹೀಗೇ. "ಚೆನ್ನಾಗಿತ್ತು, ಆದರೆ..." ಅಂದರೆ ಆ "ಆದರೆ" ಮಾತ್ರ ಕೇಳಿಸುತ್ತದೆ. "ಅಡ್ರಿನಾಲಿನ್ 1 ಎಂಜಿ ಕೊಟ್ಟೆ ಅಂತ ಜೋರಾಗಿ ಹೇಳಿದಿರಿ, ಅದರಿಂದಲೇ ಬರೆದುಕೊಳ್ಳುವವರಿಗೆ ಮುಂದಿನ ಡೋಸ್ ಟೈಮ್ ತಪ್ಪಲಿಲ್ಲ" ಅನ್ನಿ.

ಇನ್ನು ಅಳುವ ವಿಷಯ. ಅತ್ತರೆ ನೀರು ಕೊಡಿ, ಕಾಯಿರಿ, ಉಳಿದವರನ್ನು ಹೊರಗೆ ಕಳಿಸಿ. ನನ್ನ ಮುಂದೆ ಹಾಗೆ ಅತ್ತ ಒಬ್ಬ ಹುಡುಗಿ ನನ್ನ ಮಾತಿಗೆ ಅತ್ತಿರಲಿಲ್ಲ. ಹಿಂದಿನ ವಾರ ನೈಟ್ ಡ್ಯೂಟಿಯಲ್ಲಿ ಅವಳ ಕೈಯಲ್ಲೇ ಒಬ್ಬ ಪೇಷೆಂಟ್ ಹೋಗಿದ್ದರು. ಅದರ ಬಗ್ಗೆ ಅವಳನ್ನು ಯಾರೂ ಕೂರಿಸಿ ಮಾತಾಡಿಸಿರಲಿಲ್ಲ. ಅವತ್ತು ಗೊಂಬೆಯ ಪರೀಕ್ಷೆಯನ್ನು ಪಕ್ಕಕ್ಕಿಟ್ಟು ಆ ರಾತ್ರಿಯ ಬಗ್ಗೆಯೇ ಮಾತಾಡಿದೆವು. ಪರೀಕ್ಷೆಯನ್ನು ಮುಂದಿನ ವಾರ ಮಾಡಿಸಿದೆ.