ಪ್ರಾಜೆಕ್ಟ್ ಮಂಜೂರಾಗಿ ಐದು ತಿಂಗಳಾದರೂ ದುಡ್ಡು ಯಾಕೆ ಬಂದಿಲ್ಲ?

ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲಿ ನಿಮ್ಮ ಗೈಡ್‌ಗೆ ಕೇಂದ್ರದ ಪ್ರಾಜೆಕ್ಟ್ ಮಂಜೂರಾಗಿದೆ, ಆದರೆ ಉಪಕರಣವೂ ಬಂದಿಲ್ಲ, ಫೆಲೋಶಿಪ್ಪೂ ಇಲ್ಲ, ತಪ್ಪು ಯಾರದು ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಯಾರೊಬ್ಬರದೂ ಅಲ್ಲ. ದುಡ್ಡು ದೆಹಲಿಯದು, ಖರೀದಿ ಕಾನೂನು ಬೆಂಗಳೂರಿನದು. ರಾಜ್ಯ ವಿಶ್ವವಿದ್ಯಾಲಯ ಎರಡಕ್ಕೂ ತಲೆಬಾಗಬೇಕು.

ಮೊದಲೆಲ್ಲ ಕಂತಿನ ಹಣ ವಿಶ್ವವಿದ್ಯಾಲಯದ ಖಾತೆಗೇ ಬಂದು ಕೂರುತ್ತಿತ್ತು. 2022ರಲ್ಲಿ ಕೇಂದ್ರದ ಹಣಕಾಸು ಇಲಾಖೆ ಪದ್ಧತಿ ಬದಲಿಸಿತು. ಈಗ ನಿಮಗೆ ಸಿಗುವುದು ಶೂನ್ಯ ಶಿಲ್ಕಿನ ಖಾತೆ, ಅದರ ಮೇಲೊಂದು ಖರ್ಚಿನ ಮಿತಿ, ಅಷ್ಟೇ. ಪಿಎಫ್‌ಎಂಎಸ್‌ನಲ್ಲಿ, ಅಂದರೆ ಕೇಂದ್ರದ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಒಬ್ಬರು ಬಿಲ್ ನಮೂದಿಸಬೇಕು, ಇನ್ನೊಬ್ಬರು ಒಪ್ಪಬೇಕು, ಆಗ ಹಣ ನೇರ ಪಡೆಯುವವರ ಖಾತೆಗೆ ಹೋಗುತ್ತದೆ. ಒಪ್ಪುವ ಅಧಿಕಾರಿ ವರ್ಗವಾದರೆ, ಅವರ ಡಿಜಿಟಲ್ ಸಹಿಯ ಅವಧಿ ಮುಗಿದರೆ, ನಿಮ್ಮ ಸಂಬಳ ಅಲ್ಲೇ ನಿಂತಿತು. ಮಾರ್ಚ್ 31ರೊಳಗೆ ಬಳಸದ ಮಿತಿ ರದ್ದಾಗುತ್ತದೆ, ಮತ್ತೆ ಕೇಳಬೇಕು. ಹಾಗಾಗಿ ಹಣಕಾಸು ವಿಭಾಗಕ್ಕೆ ಹೋದಾಗ "ದುಡ್ಡು ಬಂತಾ ಸರ್" ಎನ್ನಬೇಡಿ. ಖಾತೆ ಯೋಜನೆಗೆ ಜೋಡಣೆ (ಮ್ಯಾಪ್) ಆಗಿದೆಯಾ, ಮಿತಿ ಎಷ್ಟು ಬಂದಿದೆ, ಯಾರ ಲಾಗಿನ್‌ನಲ್ಲಿ ಬಾಕಿ ಇದೆ ಎಂದು ಕೇಳಿ.

ಉಪಕರಣದ ಕಥೆ ಬೇರೆ. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಂಶೋಧನಾ ಖರೀದಿಯನ್ನು ಸಡಿಲಿಸಿ, ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿತು. ಚಳ್ಳಕೆರೆ ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿನಂಥ ಕೇಂದ್ರದ ಸಂಸ್ಥೆಗಳಿಗೆ ಅದರಿಂದ ಅನುಕೂಲ. ತೋಳಹುಣಸೆಯಲ್ಲಿರುವ ನಿಮ್ಮ ರಾಜ್ಯ ವಿಶ್ವವಿದ್ಯಾಲಯಕ್ಕೆ ರಾಜ್ಯದ ಸಾರ್ವಜನಿಕ ಖರೀದಿ ಕಾನೂನಾದ 1999ರ ಕೆಟಿಪಿಪಿ ಕಾಯ್ದೆಯೇ ಗತಿ. ಒಂದೇ ಕಂಪನಿಯ ಕ್ಯಾಟಲಾಗ್ ನೋಡಿ ಸ್ಪೆಸಿಫಿಕೇಶನ್ ಬರೆಯುವುದು ಎಲ್ಲರೂ ಮಾಡುವ ತಪ್ಪು. ಒಂದೇ ಬಿಡ್ ಬಂದು ಮರುಟೆಂಡರ್ ಆಗುತ್ತದೆ. ನಿಜಕ್ಕೂ ಒಬ್ಬರೇ ತಯಾರಕರಿದ್ದರೆ 4(ಬಿ) ಕಲಮಿನಡಿ ಮೂವರು ತಜ್ಞರ ಸಮಿತಿ ಅದನ್ನು ದೃಢೀಕರಿಸಬೇಕು. ಒಬ್ಬರು ನಿಮ್ಮ ಸಂಸ್ಥೆಯವರು, ಉಳಿದಿಬ್ಬರು ಹೊರಗಿನವರು. ಅವರ ದಿನಾಂಕ ಹೊಂದಿಸುವುದೇ ಒಂದು ಸಾಹಸ. ಇದೇ ವಿಶ್ವವಿದ್ಯಾಲಯದ ಚಿತ್ರದುರ್ಗದ ಸ್ನಾತಕೋತ್ತರ ಕೇಂದ್ರ ಜ್ಞಾನಗಂಗೋತ್ರಿಯವರಾದರೆ ಕಡತ ದಾವಣಗೆರೆಗೆ ಬಂದು ಹೋಗುವ ದಿನಗಳನ್ನೂ ಸೇರಿಸಿಕೊಳ್ಳಿ. ನನ್ನ ಲೆಕ್ಕದಲ್ಲಿ ಆಗಸ್ಟ್ ದಾಟಿ ಹೊರಟ ಟೆಂಡರ್ ಮಾರ್ಚ್‌ಗೆ ಮುಟ್ಟುವುದು ಅನುಮಾನ.

ಬಜೆಟ್ಟನ್ನೂ ಒಮ್ಮೆ ತೆಗೆದು ನೋಡಿ. ಸಂಶೋಧನಾ ಉಪಕರಣಗಳಿಗಿದ್ದ 5% ಜಿಎಸ್‌ಟಿ ರಿಯಾಯಿತಿ 2022ರ ಜುಲೈ 18ಕ್ಕೆ ನಿಂತಿತು. 10 ಲಕ್ಷದ ಯಂತ್ರಕ್ಕೆ 18% ಎಂದರೆ 1.8 ಲಕ್ಷ ತೆರಿಗೆ, ಹಿಂದೆ 50 ಸಾವಿರವಿತ್ತು. ಹಳೆಯ ಕೊಟೇಶನ್ ಇಟ್ಟು ಅರ್ಜಿ ಹಾಕಿದವರಿಗೆ 1.3 ಲಕ್ಷ ಕಡಿಮೆ ಬೀಳುತ್ತದೆ. ಅದನ್ನು ರಾಸಾಯನಿಕಗಳ ಬಾಬ್ತಿನಿಂದ ತುಂಬಿಸುವ ಹಾಗಿಲ್ಲ, ಅನುದಾನ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು.

ಇನ್ನು ಬಳಕೆ ಪ್ರಮಾಣಪತ್ರ, ಅಂದರೆ ಯುಸಿ. ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯಲ್ಲಿ ಆವರ್ತಕ (ಫೆಲೋಶಿಪ್, ರಾಸಾಯನಿಕಗಳಂಥ ಮತ್ತೆಮತ್ತೆ ಬರುವ), ಅನಾವರ್ತಕ (ಉಪಕರಣದಂಥ ಒಮ್ಮೆಯ) ಖರ್ಚಿಗೆ ಬೇರೆಬೇರೆ ಮಾಡಿ. ಆರ್ಡರ್ ಕೊಟ್ಟು ಪಾವತಿಸದ ಮೊತ್ತವನ್ನು ಖರ್ಚೆಂದು ತೋರಿಸಿದರೆ ಆ ಯುಸಿ ವಾಪಸ್ ಬರುತ್ತದೆ. ಯುಸಿ ಇಲ್ಲದೆ ಎರಡನೇ ಕಂತಿಲ್ಲ. ಜೆಆರ್‌ಎಫ್‌ನ, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್ಪಿನ, ತಿಂಗಳ 37,000 ಬರಬೇಕಾದದ್ದೂ ಅದೇ ಕಂತಿನಿಂದ. ಏಪ್ರಿಲ್ ಮೊದಲ ವಾರವೇ ಲೆಕ್ಕ ಕೊಡಲು ನಿಮ್ಮ ಗೈಡ್‌ಗೆ ನೆನಪಿಸಿ.