ನೆಬ್ರಾಸ್ಕದ ಹಳೆಯ ಹೋಮ್‌ಸ್ಟೆಡ್ ಜಾಗದಲ್ಲಿ ಎಲ್ಲಿ, ಹೇಗೆ ಅಗೆಯಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ನಿಮ್ಮ ಸ್ನೇಹಿತರ ಜಮೀನಿನ ಒಂದು ಮೂಲೆಯಲ್ಲಿ ನೂರು ವರ್ಷಕ್ಕೂ ಹಿಂದೆ ಹೋಮ್‌ಸ್ಟೆಡ್ ಮನೆಯೊಂದಿತ್ತು, ಅಂದರೆ ಸರ್ಕಾರ ಪುಕ್ಕಟೆಯಾಗಿ ಕೊಟ್ಟ ಭೂಮಿಯಲ್ಲಿ ವಲಸೆ ಬಂದವರು ಕಟ್ಟಿಕೊಂಡ ಮನೆ. ಈಗ ಬರೀ ಹುಲ್ಲು. ನೀವು ಹೊಸದಾಗಿ ಮೆಟಲ್ ಡಿಟೆಕ್ಟರ್ ಕೊಂಡಿದ್ದೀರಿ. ಕಬ್ಬಿಣಕ್ಕೆ ಸದ್ದು ಮಾಡದಂತೆ ಅದನ್ನು ಸೆಟ್ ಮಾಡಿಕೊಂಡು ನಾಣ್ಯ ಹುಡುಕಿದರೆ ಸಾಕೇ, ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ.

ಮೊದಲು ಆ ಸೆಟ್ಟಿಂಗ್ ತೆಗೆದುಹಾಕಿ. ಸರ್ಕಾರ ಪುಕ್ಕಟೆ ಭೂಮಿ ಕೊಡುತ್ತದೆಂದು ಬಂದು ಮಣ್ಣಿನ ಮನೆ ಕಟ್ಟಿಕೊಂಡವರ ಜೇಬಿನಿಂದ ನಾಣ್ಯ ಉದುರುವುದು ಅಪರೂಪ, ಉದುರಿದರೂ ಅವರು ಹುಡುಕದೆ ಬಿಡುತ್ತಿರಲಿಲ್ಲ. ಆ ಜಾಗದಲ್ಲಿ ನಿಮಗೆ ಹೇರಳವಾಗಿ ಸಿಗುವುದು ಮೊಳೆ. ಮನೆ ಎಲ್ಲಿತ್ತು, ಬಾಗಿಲು ಯಾವ ಕಡೆಗಿತ್ತು, ಸುಮಾರು ಯಾವ ಕಾಲದಲ್ಲಿ ಕಟ್ಟಿದ್ದು ಎಂಬುದೆಲ್ಲ ಗೊತ್ತಾಗುವುದೂ ಮೊಳೆಯಿಂದಲೇ. ಇಂಥ ಜಾಗಗಳ ಉತ್ಖನನದಲ್ಲಿ ಸ್ವಯಂಸೇವಕನಾಗಿ ಜರಡಿ ಹಿಡಿದವನು ನಾನು. ಡಿಟೆಕ್ಟರಿನವರು ನಾಣ್ಯಗಳನ್ನಷ್ಟೇ ಎತ್ತಿಕೊಂಡು ಹೋದ ಜಾಗ ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹಾಗಾಗಿ ಈ ಉತ್ತರದಲ್ಲಿ ಸ್ವಲ್ಪ ಪಕ್ಷಪಾತವಿದೆ ಅಂದುಕೊಂಡೇ ಓದಿ.

ನೆಲ ಮುಟ್ಟುವ ಮೊದಲು ಆ ಮೂಲೆ ನಿಜಕ್ಕೂ ಸ್ನೇಹಿತರ ಹೆಸರಿನಲ್ಲೇ ಇದೆಯೇ ಎಂದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ದಾಖಲೆಯಲ್ಲಿ ನೋಡಿ, ಅವರಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬೇಲಿಯಾಚೆಯದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಭೂಮಿಯಾಗಿದ್ದರೆ ಕಥೆಯೇ ಬೇರೆ. 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ನೂರು ವರ್ಷಕ್ಕಿಂತ ಹಳೆಯ ಪುರಾತತ್ವ ವಸ್ತುಗಳನ್ನು ಪರವಾನಗಿ ಇಲ್ಲದೆ ಅಗೆಯುವುದು ಅಪರಾಧ. ಮೊದಲ ಸಲಕ್ಕೇ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ವಸ್ತುವಿನ ಬೆಲೆ ಮತ್ತು ಆದ ಹಾನಿ ದೊಡ್ಡದಾದರೆ ಶಿಕ್ಷೆಯೂ ಹೆಚ್ಚು. ಇನ್ನು 811ಕ್ಕೆ ಕರೆ ಮಾಡಿದರೆ ನೆಲದಡಿಯ ಗ್ಯಾಸ್ ಪೈಪು, ಕೇಬಲ್ಲುಗಳನ್ನು ಗುರುತು ಹಾಕಿಸುತ್ತಾರೆ. ಕಾಡುಮೂಲೆಯಲ್ಲಿ ಯಾವ ಪೈಪು ಎಂದು ಉಡಾಫೆ ಬೇಡ, ಬಯಲಿನ ನಡುವೆಯೂ ಪೈಪ್‌ಲೈನ್‌ಗಳು ಹಾಯುತ್ತವೆ.

ಇನ್ನು ಬಹುತೇಕರು ಬಿಟ್ಟುಬಿಡುವ, ನನ್ನ ಮಟ್ಟಿಗೆ ಅತ್ಯಂತ ರುಚಿಕರವಾದ ಭಾಗ: ಕಾಗದಪತ್ರ. ಹೋಮ್‌ಸ್ಟೆಡ್ ಕಾಯ್ದೆಗೆ ಲಿಂಕನ್ ಸಹಿ ಹಾಕಿದ್ದು 1862ರ ಮೇ 20ರಂದು, ಅದು ಜಾರಿಗೆ ಬಂದದ್ದು 1863ರ ಜನವರಿ 1ರಂದು. ಅದೇ ದಿನ ಅರ್ಜಿ ಹಾಕಿದ ಡೇನಿಯಲ್ ಫ್ರೀಮನ್ ಎಂಬಾತನ ಜಮೀನು ನಿಮ್ಮ ನೆಬ್ರಾಸ್ಕದ್ದೇ, ಬಿಯಾಟ್ರಿಸ್ ಊರಿನ ಹತ್ತಿರ. ಈಗ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ನಿಯಮ ಸರಳವಾಗಿತ್ತು: 160 ಎಕರೆ, ಐದು ವರ್ಷ ಅಲ್ಲೇ ವಾಸ, ಮನೆ, ಸಾಗುವಳಿ, ಆಮೇಲೆ ಪಟ್ಟಾ. ಈ ‘ಮಾಡಿ ತೋರಿಸುವ’ ಷರತ್ತು ನಮ್ಮಂಥವರ ಅದೃಷ್ಟ. ಏಕೆಂದರೆ ಪಟ್ಟಾ ಬೇಕಾದವನು ಸಾಕ್ಷಿಗಳೊಂದಿಗೆ ಬಂದು ಮನೆಯ ಅಳತೆ, ಬಾಗಿಲು ಕಿಟಕಿಗಳು, ಬಾವಿ, ಕೊಟ್ಟಿಗೆ, ಉತ್ತ ಎಕರೆ ಎಲ್ಲವನ್ನೂ ಹೇಳಿಕೆಯಾಗಿ ಬರೆಸಬೇಕಿತ್ತು. ಆ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಫೆಡರಲ್ ಭೂಮಿ ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಜಾಲತಾಣದಲ್ಲಿ ಜಮೀನಿನ ಟೌನ್‌ಶಿಪ್, ರೇಂಜ್, ಸೆಕ್ಷನ್ ಸಂಖ್ಯೆ (ನಮ್ಮ ಸರ್ವೆ ನಂಬರಿನಂಥವು) ಕೊಟ್ಟರೆ ಪಟ್ಟಾದಾರನ ಹೆಸರು ಸಿಗುತ್ತದೆ. ಆ ಹೆಸರು ಹಿಡಿದು ಕಡತ ತರಿಸಬಹುದು. ‘14 ಅಡಿ, 16 ಅಡಿಯ ಮಣ್ಣುಹೆಂಟೆ ಮನೆ, ಒಂದು ಬಾಗಿಲು, ಎರಡು ಕಿಟಕಿ’ ಎಂಬಂಥ ಒಂದು ಸಾಲು ಕೈಯಲ್ಲಿದ್ದು ಹೊಲಕ್ಕೆ ಇಳಿಯುವುದಕ್ಕೂ ಬರಿಗೈಯಲ್ಲಿ ಇಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಅದು ಮಣ್ಣುಹೆಂಟೆಯ ಮನೆಯಾಗಿದ್ದರೆ ಕಲ್ಲಿನ ಪಾಯ ಹುಡುಕಬೇಡಿ. ಹುಲ್ಲಿನ ಬೇರುಸಮೇತ ಕತ್ತರಿಸಿದ ಹೆಂಟೆಗಳನ್ನೇ ಇಟ್ಟಿಗೆಯ ಹಾಗೆ ಪೇರಿಸಿ ಗೋಡೆ ಎಬ್ಬಿಸುತ್ತಿದ್ದರು. ಬಯಲಿನಲ್ಲಿ ಮರ ಇರಲಿಲ್ಲವಲ್ಲ. ಮನೆ ಬಿಟ್ಟುಹೋದ ಮೇಲೆ ಗೋಡೆ ಕರಗಿ ನೆಲಕ್ಕೇ ಸೇರುತ್ತದೆ, ಉಳಿದರೆ ಒಂದು ತಗ್ಗು ದಿಬ್ಬ, ಅಷ್ಟೆ. ಅಂಥ ಮನೆಗಳು ಹೇಗಿದ್ದವೆಂದು ನೋಡಬೇಕಿದ್ದರೆ ಸಾಲಮನ್ ಬುಚರ್ ಎಂಬ ಫೋಟೋಗ್ರಾಫರ್ 1886ರಿಂದ ನೆಬ್ರಾಸ್ಕದ ಕಸ್ಟರ್ ಕೌಂಟಿಯಲ್ಲಿ ತೆಗೆದ ಫೋಟೋಗಳಿವೆ. ಮನೆಯ ಮುಂದೆ ಕುಟುಂಬ, ಎತ್ತು, ಕುದುರೆ, ಮೇಜು, ಕುರ್ಚಿ, ಇದ್ದಬದ್ದದ್ದನ್ನೆಲ್ಲ ಹೊರಗೆ ತಂದಿಟ್ಟು ನಿಂತಿದ್ದಾರೆ. ನಿಮ್ಮ ಜರಡಿಯಲ್ಲಿ ಚೂರಾಗಿ ಸಿಗಲಿರುವುದು ಇಡಿಯಾಗಿ ಅಲ್ಲಿದೆ.

ಹೊಲದಲ್ಲಿ ಗಿಡಗಳನ್ನು ನೋಡಿ. ಲೈಲಾಕ್ ಪೊದೆ, ಐರಿಸ್, ರೂಬಾರ್ಬ್ ಇವೆಲ್ಲ ಬಯಲಿನಲ್ಲಿ ತಾವಾಗಿ ಹುಟ್ಟುವಂಥವಲ್ಲ, ಯಾರೋ ಬಾಗಿಲ ಬಳಿ ನೆಟ್ಟವು. ನೆಟ್ಟವರು ಹೋದರೂ ಅವು ವರ್ಷವರ್ಷ ಚಿಗುರುತ್ತವೆ. ಗೆರೆ ಎಳೆದಂತೆ ನಿಂತ ಮರಗಳಿದ್ದರೆ ಗಾಳಿತಡೆಗೆ ನೆಟ್ಟವಿರಬಹುದು. 1873ರ ಟಿಂಬರ್ ಕಲ್ಚರ್ ಕಾಯ್ದೆ ಮರ ನೆಟ್ಟವರಿಗೂ ಭೂಮಿ ಕೊಡುತ್ತಿತ್ತು. ಬರದ ವರ್ಷಗಳಲ್ಲಿ ತೆಗೆದ ಹಳೆಯ ವೈಮಾನಿಕ ಚಿತ್ರಗಳಲ್ಲಿ ಹೂತುಹೋದ ನೆಲಮಾಳಿಗೆ ಸುತ್ತಲಿನದಕ್ಕಿಂತ ಗಾಢವಾದ ಚೌಕವಾಗಿ ಕಾಣುವುದುಂಟು.

ಆಮೇಲೆ ಡಿಟೆಕ್ಟರ್. ಕಬ್ಬಿಣದ ಸದ್ದು ಬಂದಲ್ಲೆಲ್ಲ ಒಂದೊಂದು ಸಣ್ಣ ಬಾವುಟ ಚುಚ್ಚುತ್ತ ಹೋಗಿ, ಏನನ್ನೂ ಕೀಳಬೇಡಿ. ಸಂಜೆ ದೂರ ನಿಂತು ನೋಡಿದರೆ ಬಾವುಟಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದರಲ್ಲೇ ಮನೆ, ಕೊಟ್ಟಿಗೆ, ತಿಪ್ಪೆ ಬೇರೆಬೇರೆಯಾಗಿ ತೋರುತ್ತವೆ. ಅದನ್ನು ನಕ್ಷೆಗೆ ಇಳಿಸಿಕೊಂಡ ಮೇಲೆಯೇ ಕರಣೆ. ಒಂದು ಮೀಟರ್ ಚೌಕ ಗುರುತಿಸಿ, ಹತ್ತು ಸೆಂಟಿಮೀಟರಿನಂತೆ ಪದರ ಪದರವಾಗಿ ಇಳಿಯಿರಿ, ಮಣ್ಣನ್ನೆಲ್ಲ ಸುಮಾರು 6 ಮಿಲಿಮೀಟರ್ ಕಣ್ಣಿನ ಜರಡಿಗೆ ಹಾಕಿ. ಪ್ರತಿ ಪದರಕ್ಕೆ ಬೇರೆ ಚೀಲ, ಚೀಲದ ಮೇಲೆ ಚೌಕ ಮತ್ತು ಆಳ. ಜಾಗವನ್ನು ಹಿಂದೆ ನೇಗಿಲು ಹೊಡೆದಿದ್ದರೆ ಮೇಲಿನ ಇಪ್ಪತ್ತು, ಇಪ್ಪತ್ತೈದು ಸೆಂಟಿಮೀಟರ್ ಕಲಸಿಹೋಗಿರುತ್ತದೆ. ಅಲ್ಲಿ ಆಳಕ್ಕೆ ಅರ್ಥವಿಲ್ಲ, ಆದರೆ ವಸ್ತು ಯಾವ ಚೌಕದ್ದು ಎಂಬುದಕ್ಕೆ ಆಗಲೂ ಅರ್ಥವಿದೆ.

ಕಾಲ ನಿರ್ಣಯಕ್ಕೆ ಮೊಳೆ ಎತ್ತಿಕೊಳ್ಳಿ. ಎರಡು ಬದಿ ಮಾತ್ರ ಚೂಪಾಗುತ್ತ ಹೋಗಿ ಉಳಿದೆರಡು ಸಮಾನಾಂತರವಾಗಿದ್ದರೆ ಅದು ತಗಡಿನಿಂದ ಕತ್ತರಿಸಿದ ಮೊಳೆ. ದುಂಡಗಿದ್ದರೆ ತಂತಿ ಮೊಳೆ, 1890ರ ದಶಕದಿಂದೀಚೆಗೆ ಎಲ್ಲೆಡೆ ಅದೇ. ಎರಡೂ ಬೆರೆತು ಸಿಕ್ಕರೆ ಹಳೆ ಮನೆಗೆ ಆಮೇಲೆ ರಿಪೇರಿಯಾಗಿದೆ, ಅಥವಾ ಬದಲಾವಣೆಯ ಆ ವರ್ಷಗಳಲ್ಲೇ ಕಟ್ಟಿದ್ದಾರೆ. ಮುಳ್ಳುತಂತಿ ಸಿಕ್ಕರೆ ಅದಕ್ಕೆ ಗ್ಲಿಡನ್ ಎಂಬಾತ ಪೇಟೆಂಟ್ ಪಡೆದದ್ದು 1874ರಲ್ಲಿ ಎಂದು ನೆನಪಿರಲಿ. ಬಾಟಲಿಯ ಜೋಡಣೆಯ ಗೆರೆ ಬಾಯಿಯ ಅಂಚಿನವರೆಗೂ ಹತ್ತಿದ್ದರೆ ಯಂತ್ರದ್ದು, ತಾನಾಗಿ ಬಾಟಲಿ ಮಾಡುವ ಓವೆನ್ಸ್ ಯಂತ್ರ ಬಂದ 1903ರ ನಂತರದ್ದು ಎಂದೇ ಲೆಕ್ಕ. ಕತ್ತಿನಲ್ಲೇ ನಿಂತಿದ್ದರೆ ಬಾಯಿಯನ್ನು ಕೈಯಿಂದ ಮುಗಿಸಿದ್ದು. ನೇರಳೆ ಬಣ್ಣಕ್ಕೆ ತಿರುಗಿದ ಗಾಜು ಮೊದಲು ಬಣ್ಣವಿಲ್ಲದ್ದೇ, ಅದರೊಳಗಿನ ಮ್ಯಾಂಗನೀಸ್ ಬಿಸಿಲಿಗೆ ಬಣ್ಣ ತಿರುಗಿದೆ, ಸುಮಾರು 1880ರಿಂದ ಮೊದಲ ಮಹಾಯುದ್ಧದವರೆಗಿನದು. ಮದ್ಯದ ಬಾಟಲಿಯ ಮೇಲೆ ಅದನ್ನು ಮರುಬಳಸುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ ಎಂಬ ಉಬ್ಬಕ್ಷರ ಇದ್ದರೆ 1935ರಿಂದ 1964ರ ನಡುವಿನದು. ಪಾಪ, ಹೋಮ್‌ಸ್ಟೆಡ್ಡರ್‌ಗೂ ಅದಕ್ಕೂ ಸಂಬಂಧವಿಲ್ಲ, ಆಮೇಲೆ ಯಾರೋ ಬೇಟೆಗೆ ಬಂದವರು ಎಸೆದದ್ದು.

ಪಾಯಿಖಾನೆ ಗುಂಡಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಅದರ ಆಸೆ ಬಂದೇ ಬರುತ್ತದೆ. ಒಡೆದ ತಟ್ಟೆ, ಗೊಂಬೆಯ ತಲೆ, ಔಷಧಿ ಬಾಟಲಿ ಎಲ್ಲವೂ ಕೊನೆಗೆ ಸೇರುವುದು ಅಲ್ಲೇ, ಮತ್ತು ಪದರಗಳು ಕೆಡದೆ ಉಳಿಯುವುದೂ ಅಲ್ಲೇ. ಒಬ್ಬರೇ ಇಳಿಯಬೇಡಿ. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿನಷ್ಟು, ತುಂಬಿಸಿದ ಗುಂಡಿಯ ಗೋಡೆ ಕುಸಿಯುವಾಗ ಸೂಚನೆ ಕೊಡುವುದಿಲ್ಲ. ಕೆಲಸದ ಜಾಗಗಳಲ್ಲಿ ಐದಡಿ ಆಳಕ್ಕೆ ಗೋಡೆ ಕುಸಿಯದಂತೆ ಆಧಾರ ಕಡ್ಡಾಯ ಮಾಡಿರುವುದು ಅದಕ್ಕೇ. ಹವ್ಯಾಸಿಗಳು ಸೊಂಟದ ಮಟ್ಟಕ್ಕೇ ನಿಲ್ಲಿಸುವುದು ಕ್ಷೇಮ. ಹಳೆ ಬಾವಿಯ ಸಹವಾಸವಂತೂ ಬೇಡವೇ ಬೇಡ. ಕೊಳೆತ ಹಲಗೆ ಮುಚ್ಚಿ ಮೇಲೆ ಹುಲ್ಲು ಬೆಳೆದ ಬಾವಿಗಳು ಈಗಲೂ ಇವೆ, ಕೋಲಿನಿಂದ ನೆಲ ಕುಟ್ಟುತ್ತ ನಡೆಯಿರಿ. ಪಕ್ಕದಲ್ಲಿ ಬಿದ್ದ ಕೊಟ್ಟಿಗೆಯೇನಾದರೂ ಇದ್ದರೆ ಅದರೊಳಗಿನ ಇಲಿ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಪ್ರಾಣಕ್ಕೇ ಕುತ್ತು ತರಬಲ್ಲ ಹಂಟಾ ವೈರಸ್ ಆ ಧೂಳಿನಲ್ಲೇ ಏಳುತ್ತದೆ.

ಮನುಷ್ಯರದ್ದು ಎನ್ನಿಸುವ ಮೂಳೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಶೆರಿಫ್‌ಗೆ (ಕೌಂಟಿಯ ಪೊಲೀಸ್ ಮುಖ್ಯಸ್ಥರಿಗೆ) ತಿಳಿಸಿ. ಸ್ಮಶಾನ ದೂರವಿದ್ದ ಕಾಲದಲ್ಲಿ ಮನೆಯ ಹಿಂದೆಯೇ ಮಕ್ಕಳನ್ನು ಮಣ್ಣು ಮಾಡಿದ್ದುಂಟು, ಗುರುತುಕಲ್ಲು ಇರಲೇಬೇಕೆಂದಿಲ್ಲ.

ಅಪ್ಪಿತಪ್ಪಿ ನಾಣ್ಯ ಸಿಕ್ಕರೆ ಉಜ್ಜಬೇಡಿ. ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ, ಅಂಚಿನ ಅಕ್ಷರವೂ ಹೋಗುತ್ತದೆ. ಕಬ್ಬಿಣವನ್ನು ಒದ್ದೆಯಾಗಿ ಡಬ್ಬಿಯಲ್ಲಿಟ್ಟರೆ ಮಣ್ಣಿನ ಲವಣ ಸೇರಿ ಕೆಲವೇ ತಿಂಗಳಲ್ಲಿ ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತದೆ, ಒಣಗಿಸಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಸಿಕ್ಕಿದ್ದು ಯಾರ ಪಾಲಿಗೆ ಎಂಬುದನ್ನು ಸ್ನೇಹಿತರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಬೇರೆ ಒಪ್ಪಂದ ಇಲ್ಲದಿದ್ದರೆ ಎಲ್ಲ ಜಮೀನಿನ ಮಾಲೀಕರದ್ದೇ ಎಂದು ನಡೆದುಕೊಳ್ಳಿ. ನಿಮ್ಮ ನಕ್ಷೆಯ ಪ್ರತಿಯೊಂದನ್ನು ಕೌಂಟಿಯ ಇತಿಹಾಸ ಸಂಘಕ್ಕೆ ಕೊಟ್ಟರೆ ಅವರಲ್ಲಿ ಆ ಕುಟುಂಬದ ಫೋಟೋ ಇದ್ದರೂ ಇದ್ದೀತು.

ಹೋಗುವುದು ಯಾವಾಗ ಎಂದರೆ, ಶರತ್ಕಾಲದ ಕೊನೆ ಒಳ್ಳೆಯದು. ಹುಲ್ಲು ಒಣಗಿ ನೆಲದ ಏರುತಗ್ಗು ಕಾಣುತ್ತದೆ, ಪಶ್ಚಿಮ ಭಾಗವಾದರೆ ರ್‍ಯಾಟಲ್ ಹಾವುಗಳೂ ಬಿಲ ಸೇರಿರುತ್ತವೆ. ತೀರಾ ತಡಮಾಡಿದರೆ ನೆಲ ಹೆಪ್ಪುಗಟ್ಟಿ ಕರಣೆ ಇಳಿಯುವುದಿಲ್ಲ.